ಹನ್ನೆರಡು ಖಾನೆಯ ಮಣಿ ಡಬ್ಬಿ: ಒಂದೂವರೆ ವರ್ಷ ಪ್ರಯಾಣದಲ್ಲಿ ಬಳಸಿದ ಮೇಲೆ

ಈ ಡಬ್ಬಿಯಲ್ಲಿ ಮಣಿ ಚೆನ್ನಾಗಿವೆ, ದಾರ ಚೆನ್ನಾಗಿಲ್ಲ. ಕೊಂಡ ದಿನವೇ ಎಲಾಸ್ಟಿಕ್ ಮತ್ತು ಕೊಂಡಿಗಳನ್ನು ಬದಲಿಸಿಕೊಂಡರೆ ಪ್ರಯಾಣದಲ್ಲಿ ಸರ, ಕೈಸರ ಪೋಣಿಸಲು ಬೇರೆ ಮಣಿ ಡಬ್ಬಿ ಬೇಡ. ಬ್ರ್ಯಾಂಡ್ ಹೆಸರಿಲ್ಲದೆ ಫ್ಯಾನ್ಸಿ ಸ್ಟೋರುಗಳಲ್ಲೂ ಆನ್‌ಲೈನಿನಲ್ಲೂ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇದು. ಎಂಟು ಖಾನೆಯಲ್ಲಿ 2 ಮಿ.ಮೀ. ಸಣ್ಣ ಗಾಜಿನ ಮಣಿ, ಎರಡರಲ್ಲಿ 4 ಮಿ.ಮೀ. ಗುಂಡು ಮಣಿ, ಉಳಿದೆರಡರಲ್ಲಿ ಕೊಂಡಿ, ರಿಂಗು, ಕ್ರಿಂಪ್ ಮಣಿ (ತಂತಿಯ ತುದಿ ಹಿಡಿದಿಡಲು ಒತ್ತಿ ಚಪ್ಪಟೆ ಮಾಡುವ ಸಣ್ಣ ಲೋಹದ ಮಣಿ). ಜೊತೆಗೊಂದು ಉರುಳೆ ಎಲಾಸ್ಟಿಕ್, ಒಂದು ಸೂಜಿ.

ಪ್ರತಿ ಖಾನೆಯಲ್ಲಿ ಸುಮಾರು 10 ಗ್ರಾಂ ಮಣಿ. ಕಡಿಮೆ ಅನಿಸಬಹುದು, ಆದರೆ 2 ಮಿ.ಮೀ. ಮಣಿ ಗ್ರಾಮಿಗೆ ಹತ್ತಿರ ಹತ್ತಿರ 110 ಬರುತ್ತವೆ. 2 ಮಿ.ಮೀ. ಎಂಬುದು ಮಣಿಯ ಅಗಲ, ತೂತಿನುದ್ದಕ್ಕೆ ಅದಕ್ಕಿಂತ ಗಿಡ್ಡ; ಹಾಗಾಗಿ 40 ಸೆಂ.ಮೀ.ನ ಒಂದೆಳೆ ಸರಕ್ಕೆ 300 ಮಣಿ ಬೇಕು, ಅಂದರೆ ಮೂರು ಗ್ರಾಮಿಗೂ ಕಡಿಮೆ. ಗುಂಡು ಮಣಿಯಾದರೆ 16 ಸೆಂ.ಮೀ. ಕೈಸರಕ್ಕೆ 40, ಸರಕ್ಕೆ 100. ಊರಿಂದೂರಿಗೆ ಹೋಗುವಾಗ ಎಂಟೂ ಬಣ್ಣ ಹೊರುವ ಅಗತ್ಯವಿಲ್ಲ. ಕಪ್ಪು, ಕೆಂಪು, ಬಂಗಾರದ ಬಣ್ಣ ಈ ಮೂರಿದ್ದರೆ ಕರಿಮಣಿ ಸರದಿಂದ ಮಕ್ಕಳ ಕೈಸರದವರೆಗೆ ಎಲ್ಲವೂ ಆಗುತ್ತದೆ. ಹತ್ತರಲ್ಲಿ ಒಂದೆರಡು ಮಣಿ ವಾರೆಯಾಗಿಯೋ ತೆಳ್ಳಗೋ ಇರುತ್ತವೆ. ಪೋಣಿಸುವ ಮೊದಲೇ ಆರಿಸಿ ತೆಗೆಯದಿದ್ದರೆ ಸರ ಅಲ್ಲಲ್ಲಿ ಸೊಟ್ಟಗಾಗುತ್ತದೆ.

ಇನ್ನು ದಾರ. ಡಬ್ಬಿಯ ಎಲಾಸ್ಟಿಕ್ ತೆಳು, 0.5 ಮಿ.ಮೀ. ಅಷ್ಟೆ. ಗುಂಡು ಮಣಿಯ ಭಾರಕ್ಕೆ ತಿಂಗಳೊಳಗೆ ಸಡಿಲಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ದಾವಣಗೆರೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅಂಟಂಟಾಗಿ ತುಂಡಾಗುತ್ತದೆ. ಬದಲಿಗೆ 0.8 ಮಿ.ಮೀ. ಕೊಳ್ಳಿ. ಪೋಣಿಸುವ ಮೊದಲು ಮೂರ್ನಾಲ್ಕು ಸಲ ಚೆನ್ನಾಗಿ ಎಳೆದು ಬಿಡಬೇಕು, ಇಲ್ಲವಾದರೆ ಆ ಎಳೆತ ಕೈಗೆ ಹಾಕಿಕೊಂಡ ಮೇಲೆ ಆಗಿ ಮಣಿ ನಡುವೆ ದಾರ ಕಾಣುತ್ತದೆ. ಮೊದಲ ಗಂಟಿಗೆ ಎರಡು ಸುತ್ತು, ಅದರ ಮೇಲೆ ಇನ್ನೊಂದು ಗಂಟು, ಎಳೆದು ಬಿಗಿ ಮಾಡಿ, ತೂತು ದೊಡ್ಡದಿದ್ದರೆ ಮಣಿಯೊಳಗೆ ಸರಿಸಿ. ಸೂಪರ್ ಗ್ಲೂ ಹಾಕಲೇಬೇಡಿ, ಎಲಾಸ್ಟಿಕ್ ಗಡುಸಾಗಿ ಗಂಟಿನ ಪಕ್ಕದಲ್ಲೇ ಮುರಿಯುತ್ತದೆ.

ಸಣ್ಣ ಮಣಿಗೆ ಎಲಾಸ್ಟಿಕ್ ಬೇಡವೇ ಬೇಡ. ಮೀನು ಹಿಡಿಯಲು ಬಳಸುವ ಹೆಣೆದ ದಾರ, 0.15 ಮಿ.ಮೀ.ನದು, ಹತ್ತು ಮೀಟರ್ ಇದ್ದರೆ ತಿಂಗಳುಗಟ್ಟಲೆ ಬರುತ್ತದೆ. ಒಂದೆಳೆಯ ನೈಲಾನ್ ತಂಗೂಸಿಯಾದರೆ ಉರುಳೆಯ ಸುರುಳಿ ಬಿಡುವುದಿಲ್ಲ, ಸರ ಕತ್ತಿನ ಮೇಲೆ ನೇರ ಕೂರದು. ದಾರದ ಎರಡೂ ತುದಿಯಲ್ಲಿ 15 ಸೆಂ.ಮೀ. ಬಿಟ್ಟುಕೊಂಡು ಕೊಂಡಿಗೆ ಗಂಟು ಹಾಕಿ, ಉಳಿದ ತುದಿಯನ್ನು ಎಂಟು ಹತ್ತು ಮಣಿಗಳೊಳಗೆ ಹಿಂದಕ್ಕೆ ತೂರಿಸಿ, ನಡುವೆ ಎರಡು ಕಡೆ ಸಣ್ಣ ಗಂಟು ಹಾಕಿ ಕತ್ತರಿಸಿ. ಉಕ್ಕಿನ ತಂತಿ ಎಳೆ, 0.38 ಮಿ.ಮೀ.ನದು, ಗುಂಡು ಮಣಿಗೆ ಮಾತ್ರ; ಸಣ್ಣ ಮಣಿಯ ತೂತಿನಲ್ಲಿ ಅದು ಎರಡನೇ ಸಲ ಹಾಯುವುದಿಲ್ಲ. ಕ್ರಿಂಪ್ ಕೂಡ ತಂತಿಗೇ ಮೀಸಲು. ಒತ್ತಿದ ಕ್ರಿಂಪಿನ ಅಂಚು ದಾರವನ್ನು ಕೊಯ್ಯುತ್ತದೆ.

ಒಳಗೆ ಬೆಳ್ಳಿ ಬಣ್ಣ ತುಂಬಿದ ಮಣಿಗಳದೂ ಇದೇ ತೊಂದರೆ. ಅವುಗಳ ತೂತು ಹೆಚ್ಚಾಗಿ ಚೌಕ, ಮೂಲೆ ಹರಿತ. ಉದ್ದನೆಯ ಕೊಳವೆ ಮಣಿಯಾದರೆ ಎರಡೂ ಬದಿಗೆ ಒಂದೊಂದು ಸಣ್ಣ ಮಣಿ ಕಾವಲಿಗೆ ಹಾಕಲೇಬೇಕು.

ಸೂಜಿ ಕಳೆದುಹೋದರೆ ದಾರದ ತುದಿಯ 2 ಸೆಂ.ಮೀ.ಗೆ ನೇಲ್ ಪಾಲಿಶ್ ಬಳಿದು, ಐದು ನಿಮಿಷ ಒಣಗಿಸಿ, ಓರೆಯಾಗಿ ಕತ್ತರಿಸಿದರೆ ಸೂಜಿಯೇ ಬೇಡ. ದಾರದ ಇನ್ನೊಂದು ತುದಿಗೆ ಟಿಕ್‌ಟ್ಯಾಕ್ ಪಿನ್ನು ಹಾಕಿಟ್ಟರೆ ಬಸ್ಸು ಹಂಪ್ ಹಾರಿದಾಗಲೂ ಮಣಿ ಜಾರವು.

ಮುಚ್ಚಳದ ದೋಷ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ. ಆರೇಳು ತಿಂಗಳಿಗೆ ಕೀಲು ಸಡಿಲಾಗಿ, ಮುಚ್ಚಳಕ್ಕೂ ಖಾನೆಯ ಗೋಡೆಗೂ ನಡುವೆ ಸಂದು ಬೀಳುತ್ತದೆ; ಕಪ್ಪು ಮಣಿ ಕೆಂಪಿನ ಖಾನೆಗೆ ನುಗ್ಗುತ್ತದೆ. 2 ಮಿ.ಮೀ. ಫೋಮ್ ಶೀಟನ್ನು ಮುಚ್ಚಳದ ಅಳತೆಗೆ ಕತ್ತರಿಸಿ ಒಳಗಿಟ್ಟು, ಹೊರಗೆ ಎರಡು ರಬ್ಬರ್ ಬ್ಯಾಂಡ್ ಹಾಕಿದರೆ ಸರಿಹೋಗುತ್ತದೆ. ಕೆಲಸ ಮಾಡುವಾಗ ಡಬ್ಬಿ ಪೂರ್ತಿ ತೆರೆಯಬೇಡಿ. ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಮಖಮಲ್ ಬಟ್ಟೆ ಹಾಸಿ, ಐವತ್ತು ಮಣಿ ಮಾತ್ರ ಸುರಿದುಕೊಳ್ಳಿ. ದಾವಣಗೆರೆಯಿಂದ ಭರಮಸಾಗರ ದಾಟಿ ಚಿತ್ರದುರ್ಗ ಮುಟ್ಟುವ ಹೊತ್ತಿಗೆ ಒಂದು ಗುಂಡು ಮಣಿ ಕೈಸರ ಮುಗಿಯುತ್ತದೆ. ಸಣ್ಣ ಮಣಿಯ ಹೆಣಿಗೆಯನ್ನು ಮಾತ್ರ ಬಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಕಣ್ಣಿಗೆ ಆಯಾಸ.

ಕೊಂಡಿ, ರಿಂಗುಗಳಿಗೆ ನಿಕ್ಕಲ್ ಲೇಪನ ಇದ್ದರೆ ಬೆವರಿಗೆ ಕೆಲವರ ಕತ್ತು ತುರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲಿನವು ಹಾಕಿ. ರಿಂಗನ್ನು ಅಗಲಕ್ಕೆ ಎಳೆದು ತೆರೆಯದೆ ಒಂದು ತುದಿ ಹಿಂದಕ್ಕೆ, ಒಂದು ಮುಂದಕ್ಕೆ ತಿರುಚಿ. ಅಗಲಿಸಿದ್ದು ಮತ್ತೆ ಸರಿಯಾಗಿ ಕೂಡುವುದಿಲ್ಲ.

ಮಣಿ ಮುಗಿದಾಗ ದಾವಣಗೆರೆಯ ಚೌಕಿಪೇಟೆಯಲ್ಲೋ ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲೋ ವಿಚಾರಿಸಬಹುದು. ಡಬ್ಬಿಯ ಮಣಿ ಒಂದನ್ನು ಜೊತೆಗೊಯ್ದು ತೂತಿನ ಅಳತೆ ಹೋಲಿಸಿ. ಬಣ್ಣ ಬಳಿದ ಮಣಿಯೋ ಗಾಜಿನದೇ ಬಣ್ಣವೋ ಎಂದು ನೋಡಲು ನೇಲ್ ಪಾಲಿಶ್ ರಿಮೂವರ್ ಅದ್ದಿದ ಹತ್ತಿಯಿಂದ ಒಂದು ಮಣಿ ಉಜ್ಜಿ. ಹತ್ತಿಗೆ ಬಣ್ಣ ಹತ್ತಿದರೆ ಅದು ಬೆವರಿಗೂ ಬಿಡಬಹುದು, ಆ ಪೊಟ್ಟಣ ಬಿಟ್ಟು ಬೇರೆ ಕೇಳಿ.