ಎಂಜಲಿನ ಡಿಎನ್‌ಎ ಕಿಟ್: ‘ಕಂಡುಬಂದಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ

ಮನೆಗೆ ತರಿಸಿಕೊಳ್ಳುವ ಡಿಎನ್‌ಎ ಕಿಟ್‌ಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು: ಒಂದು ಕೊಳವೆ, ಆಲಿಕೆ, ದ್ರಾವಣ ತುಂಬಿದ ಮುಚ್ಚಳ, ಬಾರ್‌ಕೋಡ್. ಉಗುಳುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಗೆರೆಯವರೆಗೆ ಸುಮಾರು 2 ಮಿಲಿ ಎಂಜಲು ಬೇಕು; ನೊರೆ ಲೆಕ್ಕಕ್ಕಿಲ್ಲ. ಮುಚ್ಚಳದ ದ್ರಾವಣ ಇಳಿದ ಮೇಲೆ ಕುಲುಕಲೇಬೇಕು, ಸರಿಯಾಗಿ ಬೆರೆಯದಿದ್ದರೆ ದಾರಿಯಲ್ಲೇ ಡಿಎನ್‌ಎ ಕೆಟ್ಟುಹೋಗಬಹುದು. ಬಾರ್‌ಕೋಡ್ ನೋಂದಾಯಿಸದೆ ಕಳಿಸಿದರೆ ಎಂಜಲು ಯಾರದೆಂದು ಲ್ಯಾಬಿಗೆ ಗೊತ್ತಾಗುವುದಿಲ್ಲ.

ಇಷ್ಟರಲ್ಲಿ ತಕರಾರಿಲ್ಲ. ತಕರಾರಿರುವುದು ವರದಿಯ ಬಗ್ಗೆ.

ಜೀನೋಮ್‌ನಲ್ಲಿ, ಅಂದರೆ ನಮ್ಮ ಇಡೀ ಡಿಎನ್‌ಎ ಬರಹದಲ್ಲಿ, ಸುಮಾರು 300 ಕೋಟಿ ಅಕ್ಷರಗಳಿವೆ. ಎಂಜಲಿನ ಡಿಎನ್‌ಎಯನ್ನು ಪರೀಕ್ಷಿಸುವ ಲ್ಯಾಬಿನ ಚಿಪ್ ಓದುವುದು ಸಾಮಾನ್ಯವಾಗಿ ಆರೇಳು ಲಕ್ಷ ಜಾಗಗಳನ್ನು, ಅದೂ ಮೊದಲೇ ಆರಿಸಿಟ್ಟವನ್ನು. ಸಂಶೋಧನೆ ಹೆಚ್ಚಾಗಿ ನಡೆದಿರುವುದು ಯುರೋಪಿಯನ್ ಮೂಲದವರ ಮೇಲೆ, ಹಾಗಾಗಿ ಆಯ್ಕೆಯೂ ಅತ್ತಲೇ ವಾಲಿದೆ. ಹಾಲು ಅರಗಿಸುವ ಗುಣವನ್ನೇ ತೆಗೆದುಕೊಳ್ಳಿ. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಕಿಣ್ವದ ಉತ್ಪಾದನೆ ನಿಲ್ಲದಂತೆ ಮಾಡುವ ಬದಲಾವಣೆ ಯುರೋಪಿನವರಲ್ಲಿ -13910ನೇ ಜಾಗದಲ್ಲಿದೆ (ಅಂದರೆ ಲ್ಯಾಕ್ಟೇಸ್ ಜೀನ್ ಶುರುವಾಗುವುದಕ್ಕಿಂತ ಅಷ್ಟು ಅಕ್ಷರ ಹಿಂದೆ). ಪೂರ್ವ ಆಫ್ರಿಕಾದ ದನಗಾಹಿಗಳಲ್ಲಿ ಅದೇ ಗುಣ -14010ನೇ ಜಾಗದ ಬದಲಾವಣೆಯಿಂದ ಬಂದಿದೆ, ವಿಕಾಸದ ಹಾದಿಯಲ್ಲಿ ಪ್ರತ್ಯೇಕವಾಗಿ. ಮೊದಲನೆಯದನ್ನಷ್ಟೇ ನೋಡುವ ವರದಿ ಕೆನ್ಯಾದ ದನಗಾಹಿಗೆ ‘ನಿಮಗೆ ಹಾಲು ಒಗ್ಗದಿರಬಹುದು’ ಎಂದು ಬರೆದುಕೊಡುತ್ತದೆ. ಆತ ಅದನ್ನು ಹಾಲು ಕುಡಿಯುತ್ತಲೇ ಓದಬಹುದು!

ಕ್ಯಾನ್ಸರ್ ವಿಷಯದಲ್ಲಿ ಇದು ನಗುವ ಮಾತಲ್ಲ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕಿಟ್ ಮಾರುವ ‘ಟ್ವೆಂಟಿತ್ರೀ ಆ್ಯಂಡ್ ಮಿ’ ಕಂಪನಿಗೆ ಅನುಮತಿ ಕೊಟ್ಟಿದ್ದು ಬಿಆರ್‌ಸಿಎ ಜೀನ್‌ಗಳ (ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವವು) 3 ಬದಲಾವಣೆಗಳನ್ನು ವರದಿ ಮಾಡಲು. ಮೂರೂ ಹೆಚ್ಚಾಗಿ ಕಾಣುವುದು ಅಶ್ಕೆನಾಜಿ ಯಹೂದಿಗಳಲ್ಲಿ. ಆ ಜೀನ್‌ಗಳಲ್ಲಿ ರೋಗ ತರುವ ಬದಲಾವಣೆಗಳು ಸಾವಿರಕ್ಕೂ ಹೆಚ್ಚು. 2023ರಲ್ಲಿ ಪಟ್ಟಿ 44ಕ್ಕೆ ಏರಿತು, ಆದರೂ ಉಳಿದವರಿಗೆ ‘ಕಂಡುಬಂದಿಲ್ಲ’ ಅನ್ನುವುದರಿಂದ ಸಿಗುವ ಧೈರ್ಯ ಅಷ್ಟಕ್ಕಷ್ಟೆ. ಕುಡಗೋಲು ಕಣ (ಸಿಕಲ್ ಸೆಲ್) ರೋಗದ ವಾಹಕರೇ ಎಂದು ತಿಳಿಯಲು ಮಾತ್ರ ಚಿಪ್ ಲಾಯಕ್ಕು: ಅಲ್ಲಿ ನೋಡಬೇಕಾದ್ದು ಒಂದೇ ಅಕ್ಷರ. ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಕೊಟ್ಟು ಉಳಿದುಬಂದ ಬದಲಾವಣೆ ಅದು.

ವಂಶಮೂಲದ ಶೇಕಡಾವಾರು ಲೆಕ್ಕ ಹೋಲಿಕೆಗೆ ಇಟ್ಟುಕೊಂಡ ಜನರ ಗುಂಪಿನ ಮೇಲೆ ನಿಂತಿದೆ; ಗುಂಪು ಬದಲಾದರೆ ನಿಮ್ಮ ಪೂರ್ವಜರೂ ಬದಲಾಗುತ್ತಾರೆ. ಒಡಹುಟ್ಟಿದವರ ಲೆಕ್ಕವೂ ಒಂದೇ ಇರುವುದಿಲ್ಲ.

ಚಿಪ್ ಓದಿದ ಅಕ್ಷರಗಳ ಕಚ್ಚಾ ಫೈಲನ್ನು ಬೇರೆ ಜಾಲತಾಣಕ್ಕೆ ಹಾಕುವವರು ಮೊದಲು ಅದರ ತಲೆಬರಹ ನೋಡಿ. ಹಲವು ಫೈಲುಗಳ ಜಾಗದ ಅಂಕಿಗಳು ಜೀನೋಮ್‌ನ ಮಾದರಿ ನಕ್ಷೆಯ 37ನೇ ಆವೃತ್ತಿಯವು; 38ರಲ್ಲಿ ಅದೇ ಅಂಕಿ ಬೇರೆ ಜಾಗವನ್ನು ತೋರಿಸುತ್ತದೆ. ‘--’ ಇದ್ದರೆ ಚಿಪ್‌ಗೆ ಓದಲಾಗಿಲ್ಲ ಎಂದರ್ಥ. ಅಪರೂಪದ ಬದಲಾವಣೆಗಳಲ್ಲಿ ಚಿಪ್ ಎಡವುವುದು ಜಾಸ್ತಿ: 2018ರ ಒಂದು ಅಧ್ಯಯನದಲ್ಲಿ 49 ಜನರ ಕಚ್ಚಾ ಫೈಲಿನ ಬದಲಾವಣೆಗಳನ್ನು ಮರುಪರೀಕ್ಷಿಸಿದಾಗ ಶೇ 40ರಷ್ಟು ಸುಳ್ಳಾಗಿದ್ದವು.

ಕುತೂಹಲಕ್ಕಾದರೆ ತರಿಸಿಕೊಳ್ಳಿ. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಈ ಕಿಟ್ ಬಿಟ್ಟು, ಜೆನೆಟಿಕ್ ಕೌನ್ಸೆಲರ್ (ವಂಶವಾಹಿ ಪರೀಕ್ಷೆಯ ಸಲಹೆಗಾರರು) ಅವರನ್ನು ಕಂಡು ಇಡೀ ಜೀನನ್ನೇ ಓದಿಸಿ.