ಜಡಿಮಳೇಲೂ ಜೇಬಿಂದ ತೆಗಿಬಹುದಾದ ಕ್ಯಾಮೆರಾ: ಒಲಿಂಪಸ್ ಟಿಜಿ-6, ಮೂರು ಮಳೆಗಾಲ ಕಳೆದ್ಮೇಲೆ

ಮಳೆಗಾಲದಲ್ಲಿ ಘಟ್ಟ ಹತ್ತೋರಿಗೆ ಇದು ಗೊತ್ತಿರತ್ತೆ. ಫೋನ್ ನೀರಿಗೆ ಹಾಳಾಗತ್ತೆ ಅನ್ನೋದು ಈಗ ಅಷ್ಟು ದೊಡ್ಡ ವಿಷ್ಯ ಅಲ್ಲ, ಐಪಿ68 ಅಂತ ಬರ್ದಿರೋ ಫೋನ್ ಬೇಕಾದಷ್ಟು ಸಿಗ್ತವೆ, ಆದ್ರೆ ಸ್ಕ್ರೀನ್ ಮೇಲೆ ನಾಲ್ಕು ಹನಿ ಬಿದ್ರೆ ಸಾಕು, ಬೆರಳು ಯಾವ್ದು ನೀರು ಯಾವ್ದು ಅಂತ ಅದಕ್ಕೆ ತಿಳಿಯಲ್ಲ, ಕ್ಯಾಮೆರಾ ಒತ್ತಿದ್ರೆ ಇನ್ನೇನೋ ಓಪನ್ ಆಗತ್ತೆ, ಒರೆಸ್ಕೊಳ್ಳೋಣ ಅಂದ್ರೆ ಮೈಮೇಲೆ ಒಂದು ಒಣಬಟ್ಟೆ ಇರಲ್ಲ. ಅಷ್ಟರಲ್ಲಿ ಎದುರಿಗಿದ್ದ ಕಪ್ಪೆ ಹಾರಿ ಹೋಗಿರತ್ತೆ. ಅದೂ ಅಲ್ದೆ ಮ್ಯಾಪು, ಟಾರ್ಚು, ಮನೆಗೆ ಫೋನು ಎಲ್ಲಾ ಅದರ ಬ್ಯಾಟರಿ ಮೇಲೇ ನಿಂತಿರತ್ತೆ, ಫೋಟೋ ತೆಗೆದು ಅದನ್ನ ಖಾಲಿ ಮಾಡೋಕೆ ನಂಗೆ ಧೈರ್ಯ ಬರಲ್ಲ.

ಹಾಗಾಗಿ ನಾನು ಬೇರೆ ಕ್ಯಾಮೆರಾನೇ ಇಟ್ಕೊಳ್ತೀನಿ. ಈಗ ಇರೋದು ಒಲಿಂಪಸ್ ಟಫ್ ಟಿಜಿ-6. 2019ರಲ್ಲಿ ಬಂದ ಮಾಡೆಲ್ಲು, ಪರಿಚಯದವ್ರೊಬ್ರು ವಿದೇಶದಿಂದ ಬರ್ತಾ ತಂದುಕೊಟ್ರು. ಆಮೇಲೆ ಒಲಿಂಪಸ್ ಕಂಪ್ನಿ ತನ್ನ ಕ್ಯಾಮೆರಾ ವ್ಯವಹಾರನೇ ಬಿಟ್ಟುಕೊಡ್ತು, ಅದೇ ಸಾಲಿನ ಮುಂದಿನದು ಟಿಜಿ-7, 2023ರಲ್ಲಿ ಓಎಂ ಸಿಸ್ಟಮ್ ಅನ್ನೋ ಹೆಸರಲ್ಲಿ ಬಂತು. ಎರಡರ ಲೆನ್ಸೂ ಸೆನ್ಸರೂ ಹೆಚ್ಚುಕಮ್ಮಿ ಒಂದೇ, ಅದಕ್ಕೆ ಇಲ್ಲಿ ಹೇಳೋದ್ರಲ್ಲಿ ಮುಕ್ಕಾಲು ಪಾಲು ಟಿಜಿ-7ಗೂ ಸಲ್ಲತ್ತೆ.

ಇದಕ್ಕೂ ಮುಂಚೆ ಇನ್ನೊಂದು ವಾಟರ್‌ಪ್ರೂಫ್ ಕ್ಯಾಮೆರಾ ಇತ್ತು, ಯಾವ ಕಂಪ್ನಿದು ಅಂತ ಹೇಳೋದು ಬೇಡ. ಕುದುರೆಮುಖಕ್ಕೆ ಮುಳ್ಳೋಡಿ ಕಡೆಯಿಂದ ಹೋಗಿದ್ವಿ, ಪುನರ್ವಸು ಮಳೆ ಹೊಡೀತಾ ಇತ್ತು, ಒಂಟಿಮರ ದಾಟೋ ಮುಂಚೆನೇ ಬ್ಯಾಟರಿ ಮುಗೀತು ಅಂತ ಒಂದು ಮರದ ಬುಡದಲ್ಲಿ ನಿಂತು ಬಾಗಿಲು ತೆಗೆದು ಬೇರೆ ಬ್ಯಾಟರಿ ಹಾಕ್ದೆ. ಮೇಲೆ ಸ್ನೇಹಿತ ಕೊಡೆ ಹಿಡ್ಕೊಂಡಿದ್ದ. ಒಳಗೆ ಒಂದು ಹನಿನೂ ಬೀಳ್ಲಿಲ್ಲ ಅಂದ್ಕೊಂಡು ಮುಚ್ದೆ. ಮುಂದೆ ಒಂದು ಹಳ್ಳದಲ್ಲಿ ಮುಳುಗಿಸಿ ನಾಲ್ಕು ಫೋಟೋ ತೆಗೆದಿರ್ಬೇಕು ಅಷ್ಟೇ, ಸ್ಕ್ರೀನಿನ ಒಳಗಡೆಯಿಂದ ಬೆಳ್ಳಗೆ ಆವಿ ಹಬ್ಬೋಕೆ ಶುರುವಾಯ್ತು, ಲೆನ್ಸ್ ಹಿಂದೆನೂ ಅದೇ ಕತೆ, ಸಂಜೆ ಜೀಪ್ ಹತ್ತೋ ಹೊತ್ತಿಗೆ ಕ್ಯಾಮೆರಾ ಸತ್ತಿತ್ತು. ರಾತ್ರಿ ಬಾಗಿಲು ತೆಗೆದು ಬೆಳಕಲ್ಲಿ ನೋಡಿದ್ರೆ ಕರಿ ರಬ್ಬರ್ ಸೀಲಿನ ಮೇಲೆ ಅಡ್ಡಡ್ಡವಾಗಿ ಒಂದೇ ಒಂದು ಎಳೆ, ಟವೆಲ್ಲಿನ ದಾರದ್ದು, ಒಂದು ಇಂಚೂ ಇರ್ಲಿಲ್ಲ. ನೀರು ಬಂದಿದ್ದು ಅದರ ಪಕ್ಕದಿಂದ. ಸರ್ವಿಸ್‌ಗೆ ಕೊಟ್ರೆ ನೀರು ಹೋಗಿದ್ರೆ ವಾರಂಟಿ ಇಲ್ಲ ಅಂದ್ರು. ವಾಟರ್‌ಪ್ರೂಫ್ ಅಂತ ಡಬ್ಬದ ಮೇಲೆ ಬರ್ದು ಮಾರಿದ ವಸ್ತುಗೆ ಹೀಗಂದ್ರೆ ಯಾರಿಗಾದ್ರೂ ಬೇಜಾರಾಗತ್ತೆ, ನಂಗೂ ಆಯ್ತು.

ಅವತ್ತಿಂದ ಈ ತರದ ಕ್ಯಾಮೆರಾ ಯಾರು ಕೇಳಿದ್ರೂ ಮೊದ್ಲು ಬಾಗಿಲು ನೋಡಿ ಅಂತೀನಿ. ಎಷ್ಟು ಮೀಟರ್ ಆಳ ಅನ್ನೋದು ಆಮೇಲೆ. ನೋಡಿ, ಆಳದ ಲೆಕ್ಕದಲ್ಲಿ ಪ್ಯಾನಾಸೋನಿಕ್ ಎಫ್‌ಟಿ7 31 ಮೀಟರ್, ನಿಕಾನ್ ಡಬ್ಲ್ಯು300 30, ಫ್ಯೂಜಿ ಎಕ್ಸ್‌ಪಿ140 25, ರಿಕೋ ಡಬ್ಲ್ಯುಜಿ-6 20, ನಮ್ಮ ಟಿಜಿ-6 ಬರೀ 15. ಇದನ್ನ ನೋಡಿ ಕೊಳ್ಳೋದಾದ್ರೆ ಟಿಜಿ ಕೊನೇಗೆ ಹೋಗತ್ತೆ. ಆದ್ರೆ ಮಲೆನಾಡಿನ ಹಳ್ಳದಲ್ಲಿ ನಮಗೆ ಬೇಕಾಗೋದು ಮೊಣಕಾಲುದ್ದ ನೀರು, ಜಾಸ್ತಿ ಅಂದ್ರೆ ಸೊಂಟದವರೆಗೆ. 15 ಮೀಟರ್ ಅಂದ್ರೆ ನಾಲ್ಕು ಮಹಡಿ ಮನೆಯಷ್ಟು ಆಳ, ನಾವು ಅಲ್ಲಿಗೆ ಹೋಗೋರಲ್ಲ. ಟಿಜಿಯ ಬಾಗಿಲಿಗೆ ಎರಡು ಹಂತದ ಲಾಕ್ ಇದೆ, ಒಂದನ್ನ ಒತ್ತಿ ಇನ್ನೊಂದನ್ನ ಸರಿಸಿದ್ರೇನೇ ತೆಗಿಯತ್ತೆ, ಒದ್ದೆ ಕೈಲಿ ಅಪ್ಪಿತಪ್ಪಿ ತೆಗೆದುಹೋಗೋ ಮಾತಿಲ್ಲ.

ಆಳ ಬಿಟ್ರೆ ನೋಡ್ಬೇಕಾದ್ದು ಬೆಳಕು. ಶೋಲಾ ಕಾಡೊಳಗೆ ಜುಲೈ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೂ ಸಂಜೆ ಆರರ ತರ ಇರತ್ತೆ. ಲೆನ್ಸಿನ ಬಾಯಿ ಎಷ್ಟು ಅಗಲ ಅನ್ನೋದನ್ನ ಎಫ್ ಸಂಖ್ಯೇಲಿ ಹೇಳ್ತಾರೆ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಟಿಜಿ ಲೆನ್ಸು ಝೂಮ್ ಮಾಡ್ದೆ ಇದ್ದಾಗ ಎಫ್2.0, ಎಕ್ಸ್‌ಪಿ140ದು ಎಫ್3.9, ಅಂದ್ರೆ ಹತ್ರಹತ್ರ ನಾಲ್ಕರಷ್ಟು ಬೆಳಕು ಒಳಗೆ ಬರತ್ತೆ. ಇದು ಸಣ್ಣ ವ್ಯತ್ಯಾಸ ಅಲ್ಲ, ಒಂದ್ರಲ್ಲಿ ಜರೀಗಿಡದ ಎಲೆ ಎಲೆನೇ ಕಾಣತ್ತೆ, ಇನ್ನೊಂದ್ರಲ್ಲಿ ಹಸಿರು ಮಸುಕು. ಜೊತೆಗೆ ರಾ ಫೈಲ್, ಅಂದ್ರೆ ಸೆನ್ಸರ್ ಕಂಡಿದ್ದನ್ನ ಸಂಸ್ಕರಿಸ್ದೆ ಹಾಗೇ ಉಳಿಸಿದ ಫೈಲು, ಕೊಡತ್ತೆ, ಮೇಲೆ ಹೇಳಿದ ಬೇರೆ ನಾಲ್ಕರಲ್ಲೂ ಅದಿಲ್ಲ. ಮಂಜಲ್ಲಿ ತೆಗೆದ ಫೋಟೋನ ಮನೆಗೆ ಬಂದು ಸರಿಮಾಡ್ಕೊಳ್ಳೋರಿಗೆ ರಾ ಇಲ್ದೆ ಆಗಲ್ಲ. ಮೆಗಾಪಿಕ್ಸೆಲ್ 12 ಅಷ್ಟೇ, ಹಳೇ ಟಿಜಿ-4ರಲ್ಲಿ 16 ಇತ್ತು, ಟಿಜಿ-5ರಿಂದ 12ಕ್ಕೆ ಇಳಿಸಿದ್ರು, ಸೆನ್ಸರ್ ಉಗುರಷ್ಟು ಚಿಕ್ಕದು ಅಂದ್ಮೇಲೆ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಇನ್ನು ನಾನು ಇದನ್ನ ಇಷ್ಟಪಡೋಕೆ ನಿಜವಾದ ಕಾರಣ ಮೈಕ್ರೋಸ್ಕೋಪ್ ಮೋಡು. ಡಯಲ್ ತಿರುಗ್ಸಿದ್ರೆ ಲೆನ್ಸಿಂದ ಒಂದು ಸೆಂಟಿಮೀಟರ್ ದೂರಕ್ಕೂ ಫೋಕಸ್ ಆಗತ್ತೆ. ಆಗುಂಬೆ ಹತ್ರ ಒಂದು ತೋಟದ ಕೆರೆ ದಂಡೇಲಿ, ರಾತ್ರಿ ಒಂಬತ್ತರ ಸುಮಾರಿಗೆ, ನೀರಿನ ಮೇಲೆ ಬಾಗಿದ್ದ ಎಲೆಗೆ ಅಂಟಿಕೊಂಡು ಬೆಳ್ಳಗೆ ನೊರೆ ಮುದ್ದೆ ಇತ್ತು, ಹಾರೋ ಕಪ್ಪೆ ಗೂಡು ಅದು. ಹೆಣ್ಣು ಕಪ್ಪೆ ಹಿಂಗಾಲಲ್ಲಿ ಕಡೆದು ಕಡೆದು ನೊರೆ ಎಬ್ಬಿಸಿ ಅದ್ರೊಳಗೆ ಮೊಟ್ಟೆ ಇಡತ್ತೆ, ಮರಿ ಆದ್ಮೇಲೆ ನೊರೆ ಕರಗಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರ್ತಾವೆ. ನಾನು ನೋಡಿದ್ದು ಉದುರೋಕೆ ಶುರುವಾಗಿದ್ದಾಗ. ನೊರೆಯ ಕೆಳತುದೀಲಿ ಒಂದು ಹನಿ ನೇತಾಡ್ತಾ ಇತ್ತು, ಅದ್ರೊಳಗೆ ಒಂದು ಗೊದಮೊಟ್ಟೆ ಬಾಲ ಮಡಚ್ಕೊಂಡು ಒದ್ದಾಡ್ತಿತ್ತು, ಎರಡು ಕಣ್ಣು ಕರೀ ಚುಕ್ಕೆ, ಹೊಟ್ಟೆ ಒಳಗಿನ ಹಳದಿ ಕೂಡ ಕಾಣ್ತಿತ್ತು. ಧೋ ಅಂತ ಮಳೆ, ಕ್ಯಾಮೆರಾ ಮೇಲೆ ನೀರು ಹರೀತಿದೆ, ನಾನು ಬಟನ್ ಒತ್ತಿದ್ದೇ ಒತ್ತಿದ್ದು. ಟಚ್ ಸ್ಕ್ರೀನ್ ಇಲ್ದೇ ಇರೋದು ಇಲ್ಲಿ ಪುಣ್ಯ. ಬೆಳಕಿಗೆ ಎಲ್‌ಜಿ-1 ಅಂತ ಒಂದು ಪ್ಲಾಸ್ಟಿಕ್ ಬಳೆ ಬರತ್ತೆ, ಕ್ಯಾಮೆರಾದ್ದೇ ಮುಂದಿನ ಎಲ್‌ಇಡಿ ಬೆಳಕನ್ನ ಲೆನ್ಸಿನ ಸುತ್ತ ಹರಡತ್ತೆ, ಅದನ್ನ ಬೇರೆ ಕೊಳ್ಬೇಕು, ಇದನ್ನ ಮಾತ್ರ ಬಿಡ್ಬೇಡಿ. ಹಾಗೇ ಒಂದು ಮಾತು, ಕಪ್ಪೆ ಮೇಲೆ ಸುಮ್ಸುಮ್ನೆ ನಿಮಿಷಗಟ್ಲೆ ಬೆಳಕು ಬಿಟ್ಕೊಂಡು ನಿಲ್ಬೇಡಿ, ಎಲೆ ಬಗ್ಗಿಸ್ಬೇಡಿ, ಎರಡು ಫೋಟೋ ತೆಗೆದು ಹೊರಡಿ.

ಫೋಕಸ್ ಸ್ಟ್ಯಾಕಿಂಗ್ ಕೂಡ ಕ್ಯಾಮೆರಾ ಒಳಗೇ ಆಗತ್ತೆ, ಫೋಕಸ್ ಸ್ವಲ್ಪ ಸ್ವಲ್ಪ ಸರಿಸ್ತಾ ಮೂರರಿಂದ ಹತ್ತು ಫೋಟೋ ತೆಗೆದು, ಸೇರಿಸಿ, ಹತ್ರದ್ದೂ ಹಿಂದಿಂದೂ ಸ್ಪಷ್ಟವಾಗಿರೋ ಒಂದು ಫೋಟೋ ಮಾಡ್ಕೊಡತ್ತೆ. ಅಣಬೆಗೆ, ಕಲ್ಲಿನ ಪಾಚಿಗೆ ಚೆನ್ನಾಗಿದೆ, ಅಲುಗಾಡೋ ಜೀವಿಗೆ ಕೆಲ್ಸಕ್ಕೆ ಬರಲ್ಲ.

ಯಾವ್ದಕ್ಕೆ ಸಾಲಲ್ಲ ಅಂತನೂ ಹೇಳ್ಬೇಕು. ಹಕ್ಕಿಗೆ ಬೇಡವೇ ಬೇಡ, ಝೂಮ್ ನಾಲ್ಕು ಪಟ್ಟು ಅಷ್ಟೇ, ಪೂರ್ತಿ ಝೂಮ್ ಮಾಡಿದ್ರೆ ಲೆನ್ಸು ಎಫ್4.9ಕ್ಕೆ ಇಳಿಯತ್ತೆ. ರಾತ್ರಿ ನಕ್ಷತ್ರ, ಕತ್ತಲಲ್ಲಿ ದೂರದ ಬೆಟ್ಟ, ಇದ್ಯಾವ್ದೂ ಇಷ್ಟು ಚಿಕ್ಕ ಸೆನ್ಸರಿಗೆ ಆಗಲ್ಲ, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ ಹೆಚ್ಚಿಸೋ ಸೆಟ್ಟಿಂಗು) 1600 ದಾಟಿದ್ರೆ ಫೋಟೋ ಕಾಳು ಕಾಳಾಗತ್ತೆ. ಬಿಸಿಲಿದ್ದಾಗ ಬೆಟ್ಟ-ಮೋಡದ ಫೋಟೋಗೆ ಒಳ್ಳೇ ಫೋನೇ ಇದಕ್ಕಿಂತ ಚೆನ್ನಾಗಿ ತೆಗಿಯತ್ತೆ, ಅದಕ್ಕೋಸ್ಕರ ಇದನ್ನ ಕೊಳ್ಳೋಕೆ ಹೋಗ್ಬೇಡಿ. ಬ್ಯಾಟರಿ ಕಂಪ್ನಿ ಲೆಕ್ಕದಲ್ಲಿ 340 ಫೋಟೋ, ನಡೆದ ದಾರಿ ಬರ್ದಿಡೋ ಜಿಪಿಎಸ್ ಲಾಗ್ ಆನ್ ಇಟ್ಟು ವಿಡಿಯೋನೂ ತೆಗೆದ್ರೆ ಅಷ್ಟು ಬರಲ್ಲ, ಎರಡು ಬ್ಯಾಟರಿ ಬೇಕು. ನೀರಲ್ಲಿ ತೇಲಲ್ಲ, ಕಾಲು ಕೇಜಿ ತೂಕ, ಕಲ್ಲಿನ ತರ ಮುಳುಗತ್ತೆ, ಹಾಗಾಗಿ ಹಳದಿಯೋ ಕೆಂಪೋ ಬಣ್ಣದ ಫ್ಲೋಟ್ ಸ್ಟ್ರಾಪ್ (ನೀರಲ್ಲಿ ತೇಲೋ ಕೈಪಟ್ಟಿ) ಹಾಕ್ಕೊಳ್ಳಿ, ಹಳ್ಳ ತುಂಬಿ ಹರಿಯೋವಾಗ ಕೈ ಜಾರಿದ್ರೆ ಮತ್ತೆ ಸಿಗಲ್ಲ. ಮತ್ತೆ 2.1 ಮೀಟರಿಂದ ಬಿದ್ರೂ ತಡಿಯತ್ತೆ ಅಂತ ಬರ್ದಿದಾರೆ ನಿಜ, ಆದ್ರೆ ಬಿದ್ಮೇಲೆ ನೀರು ತಡಿಯೋದು ಗ್ಯಾರಂಟಿ ಇಲ್ಲ, ಬಿದ್ರೆ ಸೀದಾ ಹಳ್ಳಕ್ಕೆ ಅದ್ದಬೇಡಿ, ಮೊದ್ಲು ಬಾಗಿಲು ನೋಡಿ.

ನಾನು ಮಾಡೋದು ಇಷ್ಟು: ಹಿಂದಿನ ರಾತ್ರಿ ಒಣ ಕೋಣೇಲಿ ಕೂತು ಬ್ಯಾಟರಿ, ಕಾರ್ಡು ಹಾಕಿ, ಸೀಲನ್ನ ಬೆರಳ ತುದೀಲಿ ಸುತ್ತ ಸವರಿ, ದಾರ ಮರಳು ಏನೂ ಇಲ್ಲ ಅಂತ ಟಾರ್ಚಲ್ಲಿ ನೋಡಿ ಮುಚ್ಚಿಬಿಡ್ತೀನಿ. ಆಮೇಲೆ ಬೆಟ್ಟ ಇಳಿದು ಬರೋವರೆಗೆ ತೆಗಿಯಲ್ಲ. ಬ್ಯಾಟರಿ ಮುಗಿದ್ರೆ ಮುಗೀಲಿ, ಇನ್ನೊಂದು ಬ್ಯಾಟರಿ ಮಾರನೇ ದಿನಕ್ಕೆ. ಒಳಗೆ ನೀರು ಹೋಗ್ದೇ ಇದ್ರೂ ಮಳೆಗಾಲದ ಗಾಳೀನೇ ಒದ್ದೆ, ಅದು ಒಳಗೆ ಸಿಕ್ಕಿಹಾಕ್ಕೊಂಡ್ರೆ ತಣ್ಣಗಿನ ಹಳ್ಳಕ್ಕೆ ಅದ್ದಿದ ತಕ್ಷಣ ಆವಿ ಕಟ್ಟತ್ತೆ. ಇಳಿದು ಬಂದ್ಮೇಲೆ ಬಚ್ಚಲೊಲೆ ಹತ್ರ ಒಣಗಕ್ಕೆ ಇಡ್ಬೇಡಿ, ಬಿಸಿಗೆ ರಬ್ಬರ್ ಹಾಳಾಗತ್ತೆ, ತಣ್ಣೀರಲ್ಲಿ ಕೆಸರು ತೊಳೆದು ಬಟ್ಟೇಲಿ ಒರೆಸಿ, ಪೂರ್ತಿ ಆರಿದ್ಮೇಲೆ ಬಾಗಿಲು ತೆಗೀರಿ.

ಟಿಜಿ-6 ಈಗ ಹೊಸದು ಸಿಗೋದು ಕಷ್ಟ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಸೀಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿ, ಗೊತ್ತಿಲ್ಲ ಅಂದ್ರೆ ಆ ಖರ್ಚೂ ಸೇರಿಸಿ ರೇಟ್ ಮಾತಾಡಿ. ಹೊಸದೇ ಬೇಕು, ಟೈಪ್-ಸಿ ಚಾರ್ಜಿಂಗೂ ಬೇಕು ಅನ್ನೋರಿಗೆ ಟಿಜಿ-7. ನನ್ನ ಹತ್ರ ಟಿಜಿ-6 ಇರೋದ್ರಿಂದ ಬದಲಾಯಿಸೋಕೆ ಕಾರಣ ಕಾಣಲ್ಲ. ಸೀಲನ್ನ ಮಾತ್ರ ವರ್ಷಕ್ಕೊಂದ್ಸಲ ಬದಲಾಯಿಸಿ ಅಂತ ಕಂಪ್ನಿನೇ ಮ್ಯಾನ್ಯುಅಲ್‌ನಲ್ಲಿ ಬರ್ದಿದೆ, ಹೋದ ವರ್ಷದ್ದು ಇನ್ನೂ ಹಾಗೇ ಇದೆ, ಮೃಗಶಿರ ಮಳೆ ಹಿಡಿಯೋದ್ರೊಳಗೆ ಕೊಟ್ಟು ಬರ್ಬೇಕು.