ಕ್ರಾನ್ ಜೊತೆ 8 ವರ್ಷ, 41 ಝಾಂಬಿ

ಕ್ರಾನ್‌ಗೂ ವಿಮರ್ಶೆ ಬೇಕಾ ಅಂತ ನಗಬಹುದು. ಹೇಳಿದ ಹೊತ್ತಿಗೆ ಹೇಳಿದ ಕೆಲಸವನ್ನು ತಾನಾಗಿ ಓಡಿಸುವ, 1979ರ ಯುನಿಕ್ಸ್ 7ನೇ ಆವೃತ್ತಿಯಲ್ಲೇ ಇದ್ದ ಸಾಫ್ಟ್‌ವೇರ್ ಅದು. ಇವತ್ತು ಲಿನಕ್ಸ್‌ನಲ್ಲಿ ಜಾಸ್ತಿ ಕಾಣುವುದು 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್‌ನ ಮಕ್ಕಳು, ಮೊಮ್ಮಕ್ಕಳು. ನಾನು 8 ವರ್ಷದಿಂದ ಬ್ಯಾಕಪ್, ಹಳೇ ಲಾಗ್ ಅಳಿಸುವುದು, ವರದಿ ಕಳಿಸುವುದು ಎಲ್ಲವನ್ನೂ ಅದರ ತಲೆಗೇ ಕಟ್ಟಿದ್ದೇನೆ. ಎಷ್ಟೋ ವರ್ಷ ಅದು ಇದೆ ಅನ್ನೋದೇ ಮರೆತುಹೋಗಿತ್ತು.

ಒಂದು ದಿನ ಸುಮ್ನೆ ಟಾಪ್ (ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಕಮಾಂಡ್) ತೆರೆದೆ. ಮೇಲೆ ಝಾಂಬಿ (ಸತ್ತರೂ ಪಟ್ಟಿಯಿಂದ ಹೋಗದ ಪ್ರೋಸೆಸ್) ಲೆಕ್ಕ 41 ಅಂತಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಬಲವಂತವಾಗಿ ಸಾಯಿಸುವ ಕಮಾಂಡ್ ಕಿಲ್ ಮೈನಸ್ 9. ಏನೂ ಆಗಲಿಲ್ಲ. ಸತ್ತದ್ದನ್ನು ಮತ್ತೆ ಸಾಯಿಸೋಕೆ ಆಗಲ್ಲ ಅಲ್ವಾ? ಝಾಂಬಿಯ ಮೆಮೊರಿ ಆಗಲೇ ವಾಪಸ್ ಹೋಗಿರುತ್ತದೆ. ಉಳಿದಿರುವುದು ಪ್ರೋಸೆಸ್ ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಅದನ್ನು ಶುರು ಮಾಡಿದ ಪೇರೆಂಟ್ ಪ್ರೋಸೆಸ್, ವೇಟ್ ಅನ್ನೋ ಸಿಸ್ಟಮ್ ಕಾಲ್ ಕರೆದು ಎಕ್ಸಿಟ್ ಸ್ಟೇಟಸ್ (ಹೇಗೆ ಮುಗಿಯಿತು ಅನ್ನೋ ಸಂಖ್ಯೆ) ಓದಿಕೊಂಡರೆ ಅದೂ ಅಳಿಸಿಹೋಗುತ್ತದೆ. ಸರಿ, ಪೇರೆಂಟ್ ಯಾರು ಅಂತ ಪ್ರೋಸೆಸ್ ಪಟ್ಟಿ ಕೊಡುವ ಪಿಎಸ್ ಕಮಾಂಡ್‌ನಲ್ಲಿ ಪಿಪಿಐಡಿ (ಪೇರೆಂಟ್‌ನ ನಂಬರ್) ನೋಡಿದೆ. ಕ್ರಾನ್! 41 ಕ್ರಾನ್ ಪ್ರೋಸೆಸ್, ಒಂದೊಂದರ ಕೆಳಗೂ 'ಡಿಫಂಕ್ಟ್' (ಝಾಂಬಿಗೆ ಪಿಎಸ್ ಹಾಕುವ ಗುರುತು) ಅಂತಿದ್ದ ಒಂದು ಶೆಲ್, ಅಂದರೆ ನನ್ನ ಸ್ಕ್ರಿಪ್ಟ್ ಓಡಿಸಿದ ಪ್ರೋಸೆಸ್. ಆ ಸಂಜೆ ಪೂರ್ತಿ ಕ್ರಾನನ್ನು ಬೈದೆ.

ತಪ್ಪು ನನ್ನದೇ ಇತ್ತು. ಆರು ವಾರದ ಹಿಂದೆ ಬ್ಯಾಕಪ್ ಸ್ಕ್ರಿಪ್ಟ್‌ಗೆ ಒಂದು ಎಸ್‌ಎಸ್‌ಎಚ್ ಟನಲ್ (ಇನ್ನೊಂದು ಸರ್ವರ್‌ಗೆ ಸುರಕ್ಷಿತ ದಾರಿ) ಸೇರಿಸಿದ್ದೆ. ಸಾಲಿನ ಕೊನೆಗೆ ಆಂಪರ್ಸ್ಯಾಂಡ್ ಹಾಕಿ ಹಿನ್ನೆಲೆಗೆ ತಳ್ಳಿದ್ದೆ, ಮುಚ್ಚುವುದನ್ನು ಮರೆತಿದ್ದೆ. ಕ್ರಾನ್ ಪ್ರತಿ ಕೆಲಸದ ಔಟ್‌ಪುಟ್ಟನ್ನೂ ಒಂದು ಪೈಪ್‌ನಲ್ಲಿ (ಒಂದು ಪ್ರೋಸೆಸ್‌ನ ಔಟ್‌ಪುಟ್ ಇನ್ನೊಂದಕ್ಕೆ ತಲುಪಿಸುವ ದಾರಿ) ಹಿಡಿದು ಮೇಲ್ ಮಾಡುತ್ತದೆ. ಆ ಪೈಪ್ ಪೂರ್ತಿ ಮುಚ್ಚುವ ತನಕ ಕಾಯುತ್ತದೆ, ಆಮೇಲಷ್ಟೇ ವೇಟ್ ಕರೆಯುತ್ತದೆ. ನನ್ನ ಶೆಲ್ ಕೆಲಸ ಮುಗಿಸಿ ಸತ್ತಿತ್ತು, ಆದರೆ ಟನಲ್ ಅದೇ ಪೈಪ್‌ನ ತುದಿ ಹಿಡಿದು ಕೂತಿತ್ತು. ರಾತ್ರಿಗೊಂದು ಟನಲ್, ರಾತ್ರಿಗೊಂದು ಝಾಂಬಿ.

ಇದರಲ್ಲಿ ನನಗೆ ಇನ್ನೂ ನಾಚಿಕೆ ತರುವ ಭಾಗ ಬೇರೆ. ಎರಡನೇ ರಾತ್ರಿಯಿಂದ ಲೋಕಲ್ ಪೋರ್ಟ್ (ಟನಲ್‌ನ ಈಚೆ ಬಾಗಿಲು) ಖಾಲಿ ಇರಲಿಲ್ಲ, ಮೊದಲ ಟನಲ್ ಅದನ್ನು ಹಿಡಿದಿತ್ತು; ಹೊಸ ಟನಲ್ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಪೋರ್ಟ್ ಸಿಗದಿದ್ದರೆ ನಿಲ್ಲು ಅನ್ನುವ ಎಕ್ಸಿಟ್ ಆನ್ ಫಾರ್ವರ್ಡ್ ಫೇಲ್ಯೂರ್ ಆಯ್ಕೆ ಹಾಕದಿದ್ದರೆ ಎಸ್‌ಎಸ್‌ಎಚ್ ಒಂದು ಎಚ್ಚರಿಕೆ ಕೊಟ್ಟು ಹಾಗೇ ಮುಂದುವರಿಯುತ್ತದೆ. ಬ್ಯಾಕಪ್ ಮೊದಲ ರಾತ್ರಿಯ ಟನಲ್‌ನಲ್ಲೇ ಆರಾಮಾಗಿ ಹೋಗುತ್ತಿತ್ತು. ಎಚ್ಚರಿಕೆಯೋ, ಅದೇ ಪೈಪ್‌ನಲ್ಲಿ! ಪೈಪ್ ಮುಚ್ಚದೆ ಮೇಲ್ ಹೋಗುವುದಿಲ್ಲ. ಮೇಲ್ ಬರದ್ದನ್ನು ನೋಡಿ ನಾನು 'ಎಲ್ಲ ಚೆನ್ನಾಗಿದೆ' ಅಂದುಕೊಂಡಿದ್ದೆ.

ಪ್ರೋಕ್ ಫೋಲ್ಡರ್‌ನ ಎಫ್‌ಡಿ ಪಟ್ಟಿಯಲ್ಲಿ (ಪ್ರತಿ ಪ್ರೋಸೆಸ್ ತೆರೆದಿಟ್ಟ ಫೈಲ್, ಪೈಪ್‌ಗಳು) ಒಂದೇ ಪೈಪ್ ನಂಬರ್ ಕ್ರಾನ್‌ನಲ್ಲೂ ಟನಲ್‌ನಲ್ಲೂ ಕಂಡಾಗ ಗಂಟು ಬಿಚ್ಚಿಕೊಂಡಿತು. ಟನಲ್‌ಗಳನ್ನು ಕೊಂದ ತಕ್ಷಣ 41 ಝಾಂಬಿಯೂ ಮಾಯ. ಹಿಂದೆಯೇ 41 ಮೇಲ್ ಒಟ್ಟಿಗೆ ಬಂದು ಬಿದ್ದವು. ಈಗ ಸ್ಕ್ರಿಪ್ಟ್ ಟನಲ್‌ನ ಪಿಐಡಿ (ಪ್ರೋಸೆಸ್ ನಂಬರ್) ಇಟ್ಟುಕೊಂಡು, ಹೇಗೇ ಮುಗಿದರೂ ಶೆಲ್‌ನ ಟ್ರಾಪ್ ಕಮಾಂಡ್ ಮೂಲಕ ಅದನ್ನು ಮುಚ್ಚುತ್ತದೆ. ನಿಜವಾಗಿ ಹಿನ್ನೆಲೆಯಲ್ಲಿ ಉಳಿಯಬೇಕಾದ್ದಕ್ಕೆ ಔಟ್‌ಪುಟ್, ಎರರ್ ಎರಡನ್ನೂ ಲಾಗ್ ಫೈಲ್‌ಗೆ ತಿರುಗಿಸುತ್ತೇನೆ.

ಕ್ರಾನ್ ಮೇಲೆ ನಿಜವಾದ ದೂರುಗಳೂ ಇವೆ. ಹಿಂದಿನ ಓಟ ಮುಗಿಯದಿದ್ದರೂ ಹೊಸದನ್ನು ಶುರು ಮಾಡುತ್ತದೆ, ಎರಡು ಒಟ್ಟಿಗೆ ಓಡದಂತೆ ತಡೆಯುವ ಎಫ್‌ಲಾಕ್ ನಾವೇ ಕಟ್ಟಬೇಕು. ಸರ್ವರ್ ಆಫ್ ಇದ್ದಾಗ ತಪ್ಪಿದ ಕೆಲಸ ತಪ್ಪಿದ್ದೇ. ಅದಕ್ಕೇ ಕೆಲವನ್ನು, ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವ ಸಿಸ್ಟಮ್‌ಡಿ ಟೈಮರ್‌ಗೆ ಸಾಗಿಸಿದೆ. ಅದರ ರೀತಿಯೇ ಬೇರೆ: ಮುಖ್ಯ ಸ್ಕ್ರಿಪ್ಟ್ ಮುಗಿದರೆ ಹಿಂದೆ ಉಳಿದ ಮಕ್ಕಳನ್ನೂ ಸೇರಿಸಿ ಗುಡಿಸಿಬಿಡುತ್ತದೆ. ಝಾಂಬಿ ಕಾಟ ಇಲ್ಲ, ಆದರೆ ಬೇಕಂತಲೇ ಬಿಟ್ಟಿದ್ದ ಒಂದು ಹಿನ್ನೆಲೆ ಕೆಲಸ ಮೊದಲ ದಿನವೇ ಸದ್ದಿಲ್ಲದೆ ಸತ್ತಿತ್ತು.

ಬ್ಯಾಕಪ್ ಮಾತ್ರ ಇನ್ನೂ ಕ್ರಾನ್‌ನಲ್ಲೇ ಇದೆ. ಬೆಳಿಗ್ಗೆ ಅದರ ಮೇಲ್ ಕಾಣದಿದ್ದರೆ ಮೊದಲು ಪಿಎಸ್ ಹೊಡೆಯುತ್ತೇನೆ. 5ಕ್ಕೆ 4 ನಕ್ಷತ್ರ.